ಕೇಳದಿದ್ದರೂ ಬರಬೇಕಾದ ನೆರವು



ನಾನು ಕಾಸರಗೋಡಿನ ಕಡೆಯವಳು. ಮದುವೆಯಾಗಿ ತಿರುವನಂತಪುರಕ್ಕೆ ಹೋದಾಗ ನಮಗೆ ಬಾಡಿಗೆಗೆ ಸಿಕ್ಕಿದ್ದು ಚಾಲೈ ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಮಹಡಿ ಮನೆ. ಮಲಯಾಳಿಗಳು ಆ ಜಾಗಕ್ಕೆ ಚಾಲ ಅನ್ನುತ್ತಾರೆ, ತಮಿಳರು ಚಾಲೈ. ಕೆಳಗಿನ ಅಂಗಡಿಯವರು ತಮಿಳರಾದ್ದರಿಂದ ನನ್ನ ಬಾಯಿಗೂ ಚಾಲೈ ಎಂದೇ ಬಂದುಬಿಟ್ಟಿತು. ತಿರುವಾಂಕೂರಿನ ದಿವಾನರಾಗಿದ್ದ ರಾಜಾ ಕೇಶವದಾಸರು 18ನೆಯ ಶತಮಾನದಲ್ಲಿ ಕಟ್ಟಿಸಿದ ಪೇಟೆ ಅದು. ಕಿಳಕ್ಕೇಕೋಟೆಯಿಂದ ಕಿಳ್ಳಿಪ್ಪಾಲದ ಕಡೆಗೆ ಹೋಗುವ ಒಂದು ಬೀದಿ, ಅದರ ಎರಡೂ ಬದಿಗೆ ಓಣಿಗಳು. ಒಣಮೆಣಸು, ಕೊತ್ತಂಬರಿ, ಹೂವು, ಬಂಗಾರ, ಪ್ಲಾಸ್ಟಿಕ್ ಕೊಡ, ಮಕ್ಕಳ ಆಟಿಕೆ, ಏನು ಬೇಕಾದರೂ ಅಲ್ಲಿ ಸಿಗುತ್ತದೆ. ಕೆಳಗೆ ಅಂಗಡಿ, ಮೇಲೆ ಗೋದಾಮು. ಒಂದು ಕಟ್ಟಡದ ಗೋಡೆಗೆ ಇನ್ನೊಂದರ ಗೋಡೆ ತಾಗಿಯೇ ಇರುತ್ತದೆ.

ನಮ್ಮ ಯಜಮಾನರು ಬೆಂಕಿ ಆರಿಸುವ ನೌಕರಿಯವರು. ಕೇರಳದಲ್ಲಿ ಜನ ಅದನ್ನು ‘ಫಯರ್ ಫೋರ್ಸ್’ ಎಂದೇ ಕರೆಯುವುದು. ಅಂಥವರ ಹೆಂಡತಿ ಚಾಲೈಯಲ್ಲಿ ವಾಸ ಮಾಡಿದರೆ ಏನಾಗುತ್ತದೆ ಎಂದು ನೀವೇ ಊಹಿಸಿ. ನೀರಿನ ಗಾಡಿ ಓಣಿಯೊಳಗೆ ಬರುವುದಿಲ್ಲ. ಬೀದಿಯ ಬಾಯಲ್ಲಿ ನಿಲ್ಲಿಸಿ ಹೋಸ್ ಎಳೆದುಕೊಂಡು ಓಡಬೇಕು. 2019ರಲ್ಲಿ ಹತ್ತಿರದ ಪಳವಂಗಾಡಿಯ ಕೊಡೆ ಅಂಗಡಿಗೆ ಬೆಂಕಿ ಬಿತ್ತು. 2021ರಲ್ಲಿ ಚಾಲೈಯಲ್ಲೇ ಒಂದು ಆಟಿಕೆ ಅಂಗಡಿ ಹೊತ್ತಿ ಉರಿಯಿತು. ಸೈರನ್ ಕೇಳಿದರೆ ಬೀದಿಯ ಜನ ದಾರಿ ಬಿಡುತ್ತಿದ್ದರು, ನಾನು ಗಡಿಯಾರ ನೋಡುತ್ತಿದ್ದೆ. ಕೆಳಗಿನ ಅಂಗಡಿಯ ಅಕ್ಕ ಮೆಟ್ಟಿಲಿನಿಂದಲೇ ಕೂಗಿ ಕೇಳುತ್ತಿದ್ದಳು, ‘ಚೇಚಿ, ಚೇಟ್ಟನ್ ಬಂದರಾ?’ ಅಕ್ಕಾ, ಅಣ್ಣ ಬಂದರಾ ಎಂದು. ಬಂದರು ಅಂದರೆ ಅವಳಿಗೆ ಸಮಾಧಾನ. ನನಗೆ ಅಲ್ಲಿಂದ ಮುಂದೆ ಶುರು.

ಇವತ್ತು ನಾನು ಮಾತಾಡಲು ಬಂದಿರುವುದು ಆ ‘ಬಂದ ಮೇಲಿನ’ ವಿಷಯವನ್ನೇ.

ಜನ ಬೆಂಕಿಯನ್ನೇ ನೆನೆಯುತ್ತಾರೆ. ಆದರೆ ಕೇರಳದ ಅಗ್ನಿಶಾಮಕ ಠಾಣೆಗೆ ಬರುವ ಕರೆಗಳಲ್ಲಿ ಬೆಂಕಿಯದು ಒಂದು ಪಾಲು ಅಷ್ಟೇ. ಉಳಿದದ್ದು ರಸ್ತೆ ಅಪಘಾತ, ಮರ ಬಿದ್ದದ್ದು, ಹೊಳೆಗೆ ಹಾರಿದವರು. ಮತ್ತೆ ಬಾವಿ. ನಮ್ಮ ಕರಾವಳಿಯಂತೆ ಅಲ್ಲೂ ಮನೆಗೊಂದು ಬಾವಿ ಇದೆ. ಹಸು ಬಿದ್ದರೂ ಅವರೇ ಇಳಿಯಬೇಕು, ಮನುಷ್ಯ ಬಿದ್ದರೂ ಅವರೇ. 2023ರ ಜುಲೈಯಲ್ಲಿ ವಿಳಿಂಜಂ ಸಮೀಪದ ಮುಕ್ಕೋಲದಲ್ಲಿ ಬಾವಿಯ ರಿಂಗು ಬದಲಿಸುತ್ತಿದ್ದ ಕೂಲಿಯ ಮೇಲೆ ಮಣ್ಣು ಕುಸಿದಾಗ ಆತನ ದೇಹ ಮೇಲೆ ತರಲು ಎರಡು ದಿನ ಹಿಡಿಯಿತು. ಕುಸಿಯುತ್ತಿರುವ ಬಾವಿಯೊಳಗೆ ಹಗ್ಗ ಕಟ್ಟಿಕೊಂಡು ಇಳಿದವರಿಗೂ ಮನೆಯಲ್ಲಿ ಕಾಯುವವರು ಇದ್ದರು.

ನಮ್ಮ ಮನೆಯ ಕಥೆಯಲ್ಲೂ ಒಂದು ಬಾವಿ ಇದೆ. ಊರು ಹೇಳುವುದಿಲ್ಲ, ವರ್ಷವೂ ಬೇಡ. ಬಿದ್ದದ್ದು ಒಬ್ಬ ಹುಡುಗ, ನಮ್ಮ ಮಗನ ವಯಸ್ಸಿನವನು. ಇಳಿದವರು ನಮ್ಮ ಯಜಮಾನರು. ಆ ರಾತ್ರಿ ಮನೆಗೆ ಬಂದು ಬಾಗಿಲಲ್ಲೇ ನಿಂತರು. ‘ಎಂತ ಆಯ್ತು?’ ಎಂದೆ. ‘ಎಂತದೂ ಇಲ್ಲ, ಸ್ನಾನಕ್ಕೆ ನೀರು ಕಾಯಿಸು’ ಎಂದರು. ಬಚ್ಚಲಿಗೆ ಹೋದವರು ಒಂದು ಗಂಟೆ ಹೊರಗೆ ಬರಲಿಲ್ಲ. ನೀರು ಹೊಯ್ದುಕೊಳ್ಳುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ನಾಲ್ಕು ದಿನ ಮಗನನ್ನು ಮುಟ್ಟಲಿಲ್ಲ. ಅವನು ಅಪ್ಪಾ ಎಂದು ಹತ್ತಿರ ಬಂದರೆ ಪತ್ರಿಕೆ ಎತ್ತಿಕೊಂಡು ಎದ್ದುಹೋಗುತ್ತಿದ್ದರು. ನನಗೆ ಸಿಟ್ಟು ಬಂತು. ಮಗುವಿನ ಮೇಲೆ ಎಂಥ ಕೋಪ ಎಂದು ಜಗಳ ಮಾಡಿದೆ. ಅದು ಕೋಪ ಅಲ್ಲ ಎಂದು ತಿಳಿಯಲು ನನಗೆ ಎಷ್ಟೋ ವರ್ಷ ಬೇಕಾಯಿತು. ಆ ಹುಡುಗನ ತಣ್ಣನೆಯ ಮೈ ತನ್ನ ಕೈಯಲ್ಲಿ ಇನ್ನೂ ಇದೆ, ಈ ಕೈಯಿಂದ ಮಗನನ್ನು ಹೇಗೆ ಎತ್ತಿಕೊಳ್ಳಲಿ ಎಂದು ಅವರಿಗೆ ಅನ್ನಿಸಿತ್ತಂತೆ. ಅದನ್ನು ಅವರು ಹೇಳಿದ್ದು ನಿವೃತ್ತಿಯಾದ ಮೇಲೆ.

ನಮ್ಮ ಕಡೆ ಸಾವಿನ ಮನೆಗೆ ಹೋಗಿ ಬಂದವರು ಸ್ನಾನ ಮಾಡದೆ ಒಳಗೆ ಬರುವುದಿಲ್ಲ. ಸತ್ತವರ ಮನೆಯವರಿಗೆ ಸೂತಕ ಎಂದು ದಿನಗಳನ್ನು ಬಿಟ್ಟುಕೊಡುತ್ತೇವೆ. ಆ ದಿನಗಳಲ್ಲಿ ನೆಂಟರು ಬರುತ್ತಾರೆ, ಪಕ್ಕದ ಮನೆಯಿಂದ ಅನ್ನ ಬರುತ್ತದೆ, ಅಳಬೇಕಾದವರು ಅಳುತ್ತಾರೆ. ದುಃಖಕ್ಕೆ ಸಮಯ ಬೇಕು, ಜನ ಬೇಕು ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಆದರೆ ಊರಿನ ಹೆಣಗಳನ್ನೆಲ್ಲ ಎತ್ತುವವನಿಗೆ ಸ್ನಾನ ಮಾತ್ರ ಇದೆ, ಸೂತಕದ ದಿನಗಳಿಲ್ಲ. ಅವನು ಬೆಳಿಗ್ಗೆ ಎದ್ದು ಮತ್ತೆ ಡ್ಯೂಟಿಗೆ ಹೋಗಬೇಕು. ಸತ್ತವನು ಅವನಿಗೆ ಏನೂ ಆಗಬೇಕಾದವನಲ್ಲವಲ್ಲ, ಯಾರು ಬಂದು ಅವನ ಪಕ್ಕ ಕೂರುತ್ತಾರೆ?

ಯಾರೂ ನಮಗೆ ಕೆಟ್ಟದ್ದು ಮಾಡಲಿಲ್ಲ. ಜೊತೆಯವರೊಬ್ಬರು ‘ಎರಡು ದಿನ ರಜೆ ಹಾಕಿ ಊರಿಗೆ ಹೋಗಿ ಬನ್ನಿ’ ಎಂದರು. ಒಬ್ಬರು ಗುಡಿಗೆ ಹೋಗಿ ಅರ್ಚನೆ ಮಾಡಿಸಿ ಎಂದರು. ಇನ್ನೊಬ್ಬರು ಸಂಜೆ ಬಾಟಲಿ ತಂದರು. ಮೂವರದ್ದೂ ಪ್ರೀತಿಯೇ. ಮೂರನೆಯದು ಎಷ್ಟು ಮನೆಗಳನ್ನು ತಿಂದಿದೆ ಎಂದು ಈ ನೌಕರಿಯವರ ಹೆಂಡಂದಿರನ್ನು ಕೇಳಬೇಕು.

ಮನಸ್ಸಿನಲ್ಲಿ ಏನಾಗುತ್ತದೆ ಎಂಬುದನ್ನು ನಾನು ಆಮೇಲೆ ವೈದ್ಯರಿಂದ ಕೇಳಿ, ಓದಿ ತಿಳಿದುಕೊಂಡೆ. ಅಪಾಯ ಕಂಡಾಗ ಎದೆ ಬಡಿದುಕೊಳ್ಳುತ್ತದೆ, ಮೈ ಬಿಗಿಯುತ್ತದೆ. ಆ ಹೊತ್ತಿಗೆ ಅದು ಬೇಕಾದದ್ದೇ. ಅಪಾಯ ಮುಗಿದ ಮೇಲೂ ಮೈ ಇಳಿಯದೆ ಇದ್ದರೆ ತೊಂದರೆ. ನಿದ್ದೆ ಹತ್ತುವುದಿಲ್ಲ, ಹತ್ತಿದರೆ ಅದೇ ಕನಸು. ನೋಡಿದ್ದು ಕಣ್ಣಿಗೆ ಕಟ್ಟಿದ ಹಾಗೆ ಇರುತ್ತದೆ. ಒಂದು ವಾಸನೆ, ಒಂದು ಸದ್ದು ಸಾಕು, ಮನಸ್ಸು ಅಲ್ಲಿಗೇ ಹೋಗಿಬಿಡುತ್ತದೆ. ನಮ್ಮ ಮನೆಯಲ್ಲಿ ಒಗ್ಗರಣೆ ಸೀದರೆ ಯಜಮಾನರು ಎಲೆ ಬಿಟ್ಟು ಏಳುತ್ತಿದ್ದರು. ನಾನು ಅಡುಗೆ ಸರಿಯಾಗಲಿಲ್ಲ ಎಂದುಕೊಳ್ಳುತ್ತಿದ್ದೆ. ಘಟನೆಯಾದ ಮೊದಲ ಕೆಲವು ವಾರ ಹೀಗಾಗುವುದು ಸಹಜ, ಬಹಳ ಜನರಿಗೆ ತಾನಾಗಿಯೇ ತಗ್ಗುತ್ತದೆ. ತಿಂಗಳು ಕಳೆದರೂ ತಗ್ಗದೆ ಬದುಕನ್ನೇ ಹಿಡಿದುಕೊಂಡರೆ ಅದು ಕಾಯಿಲೆ. ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಅದನ್ನು ಸೇರಿಸಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರನ್ನು ಕಂಡ ಮೇಲೆ. ಅದಕ್ಕೆ ಮಾತಿನ ಚಿಕಿತ್ಸೆಯಿದೆ, ಔಷಧಿಯಿದೆ, ಗುಣವಾಗುತ್ತದೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಎಷ್ಟೋ ಮನೆಗಳಲ್ಲಿ ಇದು ಇವರ ಸ್ವಭಾವ, ಇನ್ನು ಹೀಗೇ ಎಂದು ಕೈಬಿಟ್ಟಿರುತ್ತಾರೆ.

ಇನ್ನೊಂದು ಭಾರವಿದೆ. ‘ಎರಡು ನಿಮಿಷ ಮೊದಲು ಮುಟ್ಟಿದ್ದರೆ...’ ಈ ಮಾತು ಈ ನೌಕರಿಯಲ್ಲಿ ಇರುವವರ ತಲೆಯಿಂದ ಹೋಗುವುದಿಲ್ಲ. ಉಳಿಸಿದವರ ಮುಖ ಮರೆಯುತ್ತಾರೆ, ಉಳಿಸಲಾಗದವರ ಮುಖ ಮಾತ್ರ ನೆನಪಿನಲ್ಲಿ ಉಳಿಯುತ್ತದೆ.

ಈಗ 2024ರ ಜುಲೈ 13ಕ್ಕೆ ಬರುತ್ತೇನೆ. ಆ ಶನಿವಾರ ತಿರುವನಂತಪುರದಲ್ಲಿ ಜೋರು ಮಳೆ. ತಂಪಾನೂರು ರೈಲು ನಿಲ್ದಾಣದ ಅಡಿಯಲ್ಲಿ ಹರಿಯುವ ಆಮಯಿಳಂಜಾನ್ ತೋಡನ್ನು ಶುಚಿ ಮಾಡಲು ಇಳಿದ ಒಬ್ಬ ಕಾರ್ಮಿಕ ನೀರಿಗೆ ಕೊಚ್ಚಿಹೋದ. ತೋಡು ಅಂದರೆ ನಮ್ಮ ಭಾಷೆಯಲ್ಲೂ ತೋಡೇ. ಆದರೆ ಅಲ್ಲಿ ಹರಿಯುತ್ತಿದ್ದದ್ದು ನೀರಿಗಿಂತ ಹೆಚ್ಚು ಕಸ. ರೈಲು ಹಳಿಗಳ ಕೆಳಗಿನ ಸುರಂಗದೊಳಗೆ ಅಗ್ನಿಶಾಮಕ ದಳದ ಸ್ಕೂಬಾ ಡೈವರುಗಳು ಇಳಿದರು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರು ಬಂದರು, ಕೊಚ್ಚಿಯಿಂದ ನೌಕಾಪಡೆಯವರು ಬಂದರು. ಪ್ಲಾಸ್ಟಿಕ್ಕಿನ ಗೋಡೆಯನ್ನೇ ಕೈಯಿಂದ ಬಗೆದು ಮುಂದೆ ಹೋಗಬೇಕಾಗಿತ್ತು. ನಾವು ಮನೆಯಲ್ಲಿ ಟಿ.ವಿ. ನೋಡುತ್ತಿದ್ದೆವು. ಯಜಮಾನರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ‘ಒಳಗೆ ಏನೂ ಕಾಣುವುದಿಲ್ಲ, ಕೈಯೇ ಕಣ್ಣು’ ಎಂದರು. ಅಷ್ಟೇ ಹೇಳಿದ್ದು. ಆದರೆ ತಮ್ಮ ಎರಡು ಕೈಗಳನ್ನೂ ಒಂದರಿಂದ ಒಂದು ಉಜ್ಜುತ್ತಲೇ ಇದ್ದರು.

ಸೋಮವಾರ ಬೆಳಿಗ್ಗೆ, 46 ಗಂಟೆಗಳ ಮೇಲೆ, ನಿಲ್ದಾಣದಿಂದ ಸುಮಾರು ಒಂದು ಕಿಲೋಮೀಟರ್ ಆಚೆ, ತಕರಪ್ಪರಂಬಿನ ಹಿಂದಿನ ಕಾಲುವೆಯಲ್ಲಿ ದೇಹ ತೇಲಿತು. ಚಾಲೈಯಿಂದ ನಡೆದು ಹೋಗುವಷ್ಟು ದೂರ. ಅದನ್ನು ಕಂಡದ್ದು ನಗರಪಾಲಿಕೆಯ ಶುಚಿ ಕೆಲಸಗಾರರು. ಆಗಿನ ಮೇಯರ್ ಆರ್ಯಾ ರಾಜೇಂದ್ರನ್ ಅತ್ತರು, ಅದನ್ನು ಇಡೀ ಕೇರಳ ನೋಡಿತು. ಅತ್ತದ್ದು ಒಳ್ಳೆಯದಾಯಿತು ಎಂದೇ ನನಗೆ ಅನ್ನಿಸಿತು.

ಅಂಥ ನೀರಿಗೆ ಇಳಿದವರಿಗೆ ಇಲಿಜ್ವರ ಬರಬಾರದೆಂದು ಮಾತ್ರೆ ಕೊಡುತ್ತಾರೆ. ಡಾಕ್ಸಿಸೈಕ್ಲಿನ್, ವಾರಕ್ಕೊಮ್ಮೆ 200 ಮಿಲಿಗ್ರಾಂ. ಕೇರಳದಲ್ಲಿ ಮಳೆಗಾಲ ಬಂತೆಂದರೆ ಕೆಸರಿಗೆ ಇಳಿಯುವ ಎಲ್ಲರಿಗೂ ಅದು ಗೊತ್ತು. ಆ ಮಾತ್ರೆ ಕೊಡುವ ರೀತಿಯನ್ನು ಗಮನಿಸಿ. ‘ನಿನಗೆ ಜ್ವರ ಬಂದಿದೆಯೇ?’ ಎಂದು ಯಾರೂ ಕೇಳುವುದಿಲ್ಲ. ‘ಮಾತ್ರೆ ಬೇಕೆನ್ನುವವರು ಅರ್ಜಿ ಹಾಕಿ’ ಎನ್ನುವುದಿಲ್ಲ. ನೀರಿಗೆ ಇಳಿದೆಯಾ, ಹಾಗಾದರೆ ತಗೋ. ಗಟ್ಟಿಗನಿಗೂ ಅದೇ, ಹೊಸಬನಿಗೂ ಅದೇ, ಠಾಣೆಯ ಮುಖ್ಯಸ್ಥನಿಗೂ ಅದೇ. ತೆಗೆದುಕೊಂಡವನನ್ನು ಯಾರೂ ಪುಕ್ಕಲ ಅನ್ನುವುದಿಲ್ಲ.

ಮನಸ್ಸಿನ ಆರೈಕೆಯೂ ಹಾಗೆಯೇ ಬರಬೇಕು ಎಂಬುದು ನನ್ನ ಮಾತು. ಇವತ್ತು ಅದು ಕೇಳಿದವರಿಗೆ ಸಿಗುತ್ತದೆ. ಆದರೆ ಈ ನೌಕರಿಯವರು ಕೇಳುವವರಲ್ಲ. ಊರಿಗೆಲ್ಲ ನೆರವಾಗುವವನಿಗೆ ನನಗೂ ನೆರವು ಬೇಕು ಎನ್ನಲು ಬಾಯಿ ಬರುವುದಿಲ್ಲ. ಹೆಣ ಎತ್ತಿದ ದಿನ, ಮಗು ಸತ್ತ ದಿನ, ಜೊತೆಯವನು ಗಾಯಗೊಂಡ ದಿನ, ಅಂದು ಡ್ಯೂಟಿಯಲ್ಲಿದ್ದ ಎಲ್ಲರ ಹತ್ತಿರ ಕೆಲವೇ ದಿನಗಳಲ್ಲಿ ತಿಳಿದವರೊಬ್ಬರು ಬಂದು ಕೂರಬೇಕು. ಒಂದು ತಿಂಗಳ ಮೇಲೆ ಮತ್ತೆ ಬರಬೇಕು. ಅವರು ಬರುವುದು ಠಾಣೆಯ ದಿನಚರಿಯಲ್ಲಿ ಹೋಸ್ ಒಣಗಿಸುವಷ್ಟೇ ಸಾಮಾನ್ಯವಾದ ಸಂಗತಿಯಾಗಬೇಕು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಅಮೆರಿಕದಲ್ಲಿ ಜೆಫ್ರಿ ಮಿಚೆಲ್ ಎಂಬವರು, ಹಿಂದೆ ತಾವೇ ಅಗ್ನಿಶಾಮಕ ಕೆಲಸ ಮಾಡಿದವರು, 1983ರಲ್ಲಿ ಒಂದು ಪದ್ಧತಿಯನ್ನು ಮುಂದಿಟ್ಟರು. ದುರಂತದ ಬೆನ್ನಿಗೇ ಎಲ್ಲರನ್ನೂ ಸುತ್ತ ಕೂರಿಸಿ, ಕಂಡದ್ದನ್ನೂ ಅನ್ನಿಸಿದ್ದನ್ನೂ ಸರದಿಯಲ್ಲಿ ಹೇಳಿಸುವುದು. ಬಹಳ ದೇಶಗಳು ಅದನ್ನು ಹಿಡಿದವು. ಆಮೇಲೆ ಪರೀಕ್ಷಿಸಿ ನೋಡಿದಾಗ, ಒಂದೇ ಬಾರಿ ಹೀಗೆ ಮಾತಾಡಿಸುವುದರಿಂದ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಗಾಯ ಕೆದಕಿದಂತಾಗಬಹುದು ಎಂದು ಕಂಡಿತು. ಕಾಯಿಲೆ ತಡೆಯಲೆಂದು ಅದನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. 2011ರಲ್ಲಿ ಅದೇ ಸಂಸ್ಥೆ ಮಾನಸಿಕ ಪ್ರಥಮ ಚಿಕಿತ್ಸೆಯ ಒಂದು ಕೈಪಿಡಿ ತಂದಿತು. ಅದರಲ್ಲಿ ಹೇಳಿದ್ದು ಬಹಳ ಸರಳ. ಸುತ್ತ ನೋಡು, ಕಿವಿಗೊಡು, ಬೇಕಾದ ನೆರವಿಗೆ ಸೇರಿಸು. ಬಾಯಿ ಬಿಡಿಸಬೇಡ. ಹಾಗಾಗಿ ಕಡ್ಡಾಯವಾಗಬೇಕಾದದ್ದು ಬರುವವರ ಭೇಟಿ. ಮಾತಾಡುವುದು, ಬಿಡುವುದು ಅವನ ಇಷ್ಟ. ಚಹಾ ಕುಡಿದು ಸುಮ್ಮನೆ ಎದ್ದು ಹೋದರೂ ಆಯಿತು. ಬರುವವರು ಮುಂದಿನ ಸಲ ಮತ್ತೆ ಬರುತ್ತಾರೆ ಎಂಬುದು ಅವನಿಗೆ ಗೊತ್ತಿರಬೇಕು.

ನ್ಯೂಯಾರ್ಕಿನಲ್ಲಿ 2001ರ ಸೆಪ್ಟೆಂಬರ್ 11ರಂದು ಒಂದೇ ಬೆಳಿಗ್ಗೆ 343 ಮಂದಿ ಅಗ್ನಿಶಾಮಕರು ಸತ್ತಾಗ, ಉಳಿದವರು ಕಚೇರಿಯಲ್ಲಿ ಕೂತ ಸಲಹೆಗಾರರ ಹತ್ತಿರ ತಾವಾಗಿ ಹೋಗುವುದು ಕಷ್ಟವಿತ್ತು. ಸಲಹೆಗಾರರೇ ಠಾಣೆಗಳಿಗೆ ಹೋಗಿ ಅಡುಗೆಮನೆಯ ಮೇಜಿನ ಸುತ್ತ ಕೂತರು. ಅದೇ ಕೆಲಸ ಮಾಡಿ ನಿವೃತ್ತರಾದವರು ಜೊತೆಗಿದ್ದರು. ಓದಿ ನನಗೆ ನಮ್ಮ ಠಾಣೆಗಳ ಮೆಸ್ಸು ನೆನಪಾಯಿತು. ಕಂಜಿ, ಪಯರು, ಮೇಲೆ ಒಂದು ಫ್ಯಾನು. ಅಲ್ಲಿ ಕೂತು ಒಬ್ಬ ನಿವೃತ್ತ ಚೇಟ್ಟನ್ ‘ನನಗೂ ಹೀಗಾಗಿತ್ತು, ನಾನು ಡಾಕ್ಟರ ಹತ್ತಿರ ಹೋದೆ’ ಎಂದು ಒಂದು ಮಾತು ಹೇಳಿದರೆ, ಅದು ಹತ್ತು ಭಾಷಣಕ್ಕೆ ಸಮ. ನಿವೃತ್ತರು ನಮ್ಮಲ್ಲಿ ಎಷ್ಟು ಜನ ಇದ್ದಾರೆ! ಅವರಿಗೆ ಸ್ವಲ್ಪ ತರಬೇತಿ ಕೊಟ್ಟರೆ ಸಾಕು. ತ್ರಿಶ್ಶೂರಿನ ವಿಯ್ಯೂರಿನಲ್ಲಿ ಕೇರಳದ ಅಗ್ನಿಶಾಮಕ ಅಕಾಡೆಮಿ ಇದೆ, ಫೋರ್ಟ್ ಕೊಚ್ಚಿಯಲ್ಲಿ ನೀರಿನಲ್ಲಿ ರಕ್ಷಣೆ ಮಾಡುವುದನ್ನು ಕಲಿಸುವ ಕೇಂದ್ರವಿದೆ. ಮುಳುಗಿ ಹೋದವನನ್ನು ಹುಡುಕುವುದು ಹೇಗೆಂದು ಹೇಳಿಕೊಡುವ ಕಡೆಯಲ್ಲೇ, ಹುಡುಕಿ ಬಂದ ರಾತ್ರಿ ಏನಾಗುತ್ತದೆ ಎಂಬುದನ್ನೂ ಹೇಳಿಕೊಡಬಹುದು.

ಅಡ್ಡಿ ಇರುವುದು ನಾಚಿಕೆಯಲ್ಲಿ. ತಿರುವನಂತಪುರದಲ್ಲಿ ಯಾರಿಗಾದರೂ ತಲೆ ಕೆಟ್ಟಿದೆ ಎನ್ನಬೇಕಾದರೆ ‘ಊಳಂಪಾರಕ್ಕೆ ಕಳಿಸಬೇಕು’ ಎನ್ನುತ್ತಾರೆ. ಪೇರೂರ್ಕಡದ ಊಳಂಪಾರದಲ್ಲಿ 1870ರಲ್ಲಿ ಶುರುವಾದ ಮಾನಸಿಕ ಆಸ್ಪತ್ರೆಯಿದೆ. ಮಲಬಾರಿನವರಿಗೆ ಅದೇ ಮಾತು ಅಲ್ಲಿನ ಆಸ್ಪತ್ರೆಯಿರುವ ಕುತಿರವಟ್ಟಂ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಹೆಸರನ್ನು ಹೀಗೆ ಬಳಸುವವರನ್ನು ನಾನೇ ಕೇಳಿದ್ದೇನೆ. ಲಕ್ಷಾಂತರ ಜನರನ್ನು ಗುಣಪಡಿಸಿದ ಆಸ್ಪತ್ರೆಗಳ ಹೆಸರನ್ನು ಬೈಗುಳ ಮಾಡಿಕೊಂಡಿದ್ದೇವೆ. ಆಮೇಲೆ ನಮ್ಮ ಮನೆಯವರೇ ಅಲ್ಲಿಗೆ ಹೋಗಬೇಕಾದಾಗ ಕಾಲು ಏಳುವುದಿಲ್ಲ. ಕೇರಳದ ಪೊಲೀಸರಿಗಾಗಿ ‘ಹ್ಯಾಟ್ಸ್’ ಎಂಬ ಒತ್ತಡ ನಿವಾರಣೆಯ ಕೇಂದ್ರ ತಿರುವನಂತಪುರದಲ್ಲಿದೆ. ಇಂಥದ್ದೊಂದು ಇರುವುದೇ ದೊಡ್ಡದು. ಆದರೂ ಸಮವಸ್ತ್ರದವನ ಮನಸ್ಸಿನಲ್ಲಿ ಒಂದು ಲೆಕ್ಕ ನಡೆಯುತ್ತಿರುತ್ತದೆ. ಹೋದರೆ ಯಾರಾದರೂ ನೋಡುತ್ತಾರಾ? ಫೈಲಿನಲ್ಲಿ ಬರೆಯುತ್ತಾರಾ? ಪ್ರಮೋಷನ್ನಿಗೆ ಅಡ್ಡಿಯಾದೀತಾ? ಈ ಹೆದರಿಕೆಯನ್ನು ಆದೇಶದಿಂದಲೇ ತೆಗೆಯಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2017ರಲ್ಲಿ ಬಂದು 2018ರ ಮೇಯಿಂದ ಜಾರಿಯಲ್ಲಿದೆ. ರೋಗಿಯ ವಿಷಯ ಗುಟ್ಟಾಗಿರಬೇಕು ಎಂಬುದು ಅದರಲ್ಲಿ ಹಕ್ಕಾಗಿದೆ, ಮೈಯ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದೂ ಇದೆ. ಈ ಎರಡು ವಾಕ್ಯಗಳನ್ನು ಪ್ರತಿ ಠಾಣೆಯ ಗೋಡೆಗೆ ಬರೆಸಬೇಕು.

ಇಲ್ಲಿಯವರೆಗೆ ಹೇಳಿದ್ದು ಠಾಣೆ ಇರುವವರ ಮಾತು. ಠಾಣೆಯೇ ಇಲ್ಲದವರೂ ಇದ್ದಾರೆ.

2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ತಿರುವನಂತಪುರದ ಪೂಂತುರ, ವಿಳಿಂಜಂ ಕಡೆಯ ಎಷ್ಟೋ ಮೀನುಗಾರರು ಕಡಲಿನಿಂದ ಮರಳಲಿಲ್ಲ. ಹೆಂಗಸರು ದಿನಗಟ್ಟಲೆ ದಡದಲ್ಲಿ ಕಾದರು. ಚಾಲೈಯ ಸಂತೆಗೆ ಮೀನು ತರುವ ಹೆಂಗಸರ ಮುಖವನ್ನು ಆ ತಿಂಗಳಲ್ಲಿ ನೋಡಲು ಆಗುತ್ತಿರಲಿಲ್ಲ. ಒಂಬತ್ತೇ ತಿಂಗಳ ಮೇಲೆ, 2018ರ ಆಗಸ್ಟಿನಲ್ಲಿ, ಕೇರಳ ಮುಳುಗಿತು. ಅದೇ ಕರಾವಳಿಯ ಜನ ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಪತ್ತನಂತಿಟ್ಟ, ಚೆಂಗನ್ನೂರಿನ ಕಡೆಗೆ ಹೊರಟರು. ಸಾವಿರಾರು ಮೀನುಗಾರರು, ನೂರಾರು ದೋಣಿಗಳು, ಅವರು ಉಳಿಸಿದ ಜೀವಗಳೂ ಹತ್ತಾರು ಸಾವಿರ. ತಾನೂರಿನ ಒಬ್ಬ ಮೀನುಗಾರ ನೀರಿನಲ್ಲಿ ಮಂಡಿಯೂರಿ, ಹೆಂಗಸರು ದೋಣಿ ಹತ್ತಲೆಂದು ತನ್ನ ಬೆನ್ನನ್ನೇ ಮೆಟ್ಟಿಲು ಮಾಡಿದ್ದನ್ನು ನೀವೂ ನೋಡಿದ್ದೀರಿ. ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರನ್ನು ಕೇರಳದ ಸ್ವಂತ ಸೈನ್ಯ ಎಂದರು. ಆ ಸೈನ್ಯಕ್ಕೆ ಮೆರವಣಿಗೆ ಆಯಿತು, ಸನ್ಮಾನ ಆಯಿತು. ಆದರೆ ತನ್ನ ಅಣ್ಣನನ್ನು ಕಡಲಿಗೆ ಕೊಟ್ಟವನೊಬ್ಬ ಇನ್ನೊಬ್ಬರ ಅಣ್ಣನನ್ನು ನೀರಿನಿಂದ ಎತ್ತುವಾಗ ಅವನೊಳಗೆ ಏನು ನಡೆದಿರಬಹುದು? ಸನ್ಮಾನದ ಶಾಲು ಹೊದೆಸಿ ಕಳಿಸಿದ ಮೇಲೆ, ಆರು ತಿಂಗಳು ಬಿಟ್ಟು ಪೂಂತುರದ ಆ ಮನೆಗೆ ಹೋಗಿ ‘ನಿದ್ದೆ ಬರುತ್ತದಾ?’ ಎಂದು ಕೇಳುವುದು ಯಾರ ಕೆಲಸ?

ನಮ್ಮ ಕನ್ನಡದ ಕಡೆಯಲ್ಲೂ ಇದೇ ಪ್ರಶ್ನೆ. 2010ರ ಮೇ 22ರಂದು ಮಂಗಳೂರಿನ ಕೆಂಜಾರಿನಲ್ಲಿ ವಿಮಾನ ಬಿದ್ದು 158 ಜನ ಸತ್ತರು. ನಮ್ಮ ಕಾಸರಗೋಡಿನವರು ಅದರಲ್ಲಿ ಬಹಳ. ಮೊದಲು ಕಣಿವೆಗೆ ಇಳಿದು ಓಡಿದವರು ಸುತ್ತಲಿನ ಊರಿನ ಹುಡುಗರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿದಾಗ, ಕೋಳಿಕ್ಕೋಡಿನ ಲಾರಿ ಚಾಲಕನಿಗಾಗಿ ಗಂಗಾವಳಿಯ ಸೆಳವಿಗೆ ಮತ್ತೆ ಮತ್ತೆ ಧುಮುಕಿದವರು ಮಲ್ಪೆಯ ಈಶ್ವರ್. ಆ ದಿನಗಳಲ್ಲಿ ತಿರುವನಂತಪುರದ ಬಸ್ಸಿನಲ್ಲಿ ನಾನು ಕನ್ನಡದವಳು ಎಂದು ಗೊತ್ತಾದರೆ ಜನ ‘ಈಶ್ವರ್ ಮಲ್ಪೆ’ ಎಂದು ಕೈಮುಗಿಯುತ್ತಿದ್ದರು. ಲಾರಿ ಮತ್ತು ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಎಪ್ಪತ್ತೊಂದು ದಿನ. ಆ ದಿನಗಳ ನಡುವೆಯೇ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ, ಚೂರಲ್ಮಲ ಕೊಚ್ಚಿಹೋದವು. ಚಾಲಿಯಾರ್ ನದಿಯಲ್ಲಿ ತೇಲಿ ಬಂದದ್ದನ್ನು ನಿಲಂಬೂರಿನ ಸ್ವಯಂಸೇವಕರು ತುಂಡು ತುಂಡಾಗಿ ಎತ್ತಿದರು. ಗುರುತು ಸಿಗದವರನ್ನು ಪುತ್ತುಮಲದಲ್ಲಿ ಹೂಳಿ ಕಲ್ಲಿನ ಮೇಲೆ ನಂಬರು ಬರೆದರು. ಬದುಕುಳಿದವರಿಗಾಗಿ ಸರ್ಕಾರ ಮಾನಸಿಕ ಆರೋಗ್ಯದ ತಂಡ ಕಳಿಸಿತು, ಅದು ಆಗಬೇಕಾದದ್ದೇ. ಹೊಳೆಯಿಂದ ದೇಹಗಳನ್ನು ಎತ್ತಿದ ಹುಡುಗರು ಮಾತ್ರ ತಮ್ಮ ತಮ್ಮ ಊರಿಗೆ ಹೋಗಿಬಿಟ್ಟಿದ್ದರು. ಅಂಥವರ ಹೆಸರು, ವಿಳಾಸವನ್ನು ಪಂಚಾಯತಿನವರು ಬರೆದಿಟ್ಟುಕೊಂಡರೆ ಆಶಾ ಕಾರ್ಯಕರ್ತೆಯರು ತಿಂಗಳ ಮೇಲೆ ಒಮ್ಮೆ ಹೋಗಿ ನೋಡಬಹುದು. ಇದಕ್ಕೆ ಹೊಸ ಇಲಾಖೆ ಬೇಡ, ಒಂದು ಪುಸ್ತಕ ಸಾಕು.

ಬೆಂಗಳೂರಿನಲ್ಲಿ 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. ಸತ್ತವರ ಮನೆಯವರ ದುಃಖವನ್ನು ನಿಮ್ಹಾನ್ಸಿನ ವೈದ್ಯರು ಅಧ್ಯಯನ ಮಾಡಿದರು. ನಮ್ಮ ದೇಶದಲ್ಲಿ ದುರಂತದ ಮನಸ್ಸಿನ ಗಾಯವನ್ನು ಗಮನಿಸಿದ ಮೊದಲಿನ ಕೆಲಸಗಳಲ್ಲಿ ಅದೂ ಒಂದು, ಅದು ಆದದ್ದು ನಮ್ಮ ನೆಲದಲ್ಲಿ. 2018ರ ನೆರೆಯಲ್ಲಿ ನಿಮ್ಹಾನ್ಸಿನವರು ಕೇರಳಕ್ಕೂ ಹೋದರು. ಹೀಗಾಗಿ ತಿಳಿವಳಿಕೆ ಇಲ್ಲ ಎನ್ನುವ ಹಾಗಿಲ್ಲ. ಅದು ಠಾಣೆಯ ಬಾಗಿಲಿಗೆ, ಅಂಬುಲೆನ್ಸ್ ಚಾಲಕನ ಮನೆಗೆ, ಶವಾಗಾರದ ಕೆಲಸಗಾರನ ಹತ್ತಿರಕ್ಕೆ ಇನ್ನೂ ಬರಬೇಕಾಗಿದೆ.

ಇನ್ನು ಮನೆಯವರ ವಿಷಯ. 2023ರ ಮೇ 23ರ ನಸುಕಿನಲ್ಲಿ ತುಂಬಾದ ಕಿನ್ಫ್ರಾ ಪಾರ್ಕಿನಲ್ಲಿ ಸರ್ಕಾರಿ ಔಷಧಿ ಗೋದಾಮಿಗೆ ಬೆಂಕಿ ಬಿತ್ತು. ಆರಿಸಲು ಹೋದ 32 ವರ್ಷದ ಅಗ್ನಿಶಾಮಕ ಯುವಕನ ಮೇಲೆ ಗೋಡೆ ಬಿದ್ದು ಅವನು ಸತ್ತ. ಅವನ ಮನೆಯವರು ಆ ದುಃಖದಲ್ಲೂ ಕಣ್ಣು ದಾನ ಮಾಡಿದರು. ಆ ದಿನ ನಗರದ ಎಲ್ಲಾ ಠಾಣೆಗಳವರ ಮನೆಯಲ್ಲೂ ಒಲೆ ಹೊತ್ತಲಿಲ್ಲ ಎಂದರೆ ತಪ್ಪಲ್ಲ. ಪ್ರತಿ ಹೆಂಡತಿಯೂ ಪ್ರತಿ ತಾಯಿಯೂ ತನ್ನ ಮನೆಯ ಬಾಗಿಲನ್ನು ನೋಡಿದಳು. ಅದಕ್ಕೆ ಎರಡೂವರೆ ತಿಂಗಳ ಹಿಂದೆ ಕೊಚ್ಚಿಯ ಬ್ರಹ್ಮಪುರದ ಕಸದ ಗುಡ್ಡ ಹತ್ತು ದಿನಕ್ಕೂ ಹೆಚ್ಚು ಕಾಲ ಉರಿದಾಗ, ಸರದಿಯಲ್ಲಿ ಹಗಲಿರುಳು ಹೊಗೆಯೊಳಗೆ ನಿಂತವರ ಮನೆಗಳಲ್ಲೂ ಇದೇ ಆಗಿತ್ತು. ಕೆಮ್ಮಿಕೊಂಡು ಬಂದ ಗಂಡನಿಗೆ ಶ್ವಾಸಕೋಶದ ಪರೀಕ್ಷೆ ಮಾಡಿಸುತ್ತಾರೆ. ರಾತ್ರಿಯಿಡೀ ಎಚ್ಚರವಿದ್ದ ಹೆಂಡತಿಯನ್ನು ಯಾರೂ ಏನೂ ಕೇಳುವುದಿಲ್ಲ.

ನನ್ನ ಅನುಭವದಿಂದ ಕೆಲವು ಮಾತು ಹೇಳುತ್ತೇನೆ, ಮನೆಯಲ್ಲಿರುವ ಅಕ್ಕತಂಗಿಯರಿಗೆ. ಬಾಗಿಲಲ್ಲಿ ಪ್ರಶ್ನೆ ಬೇಡ. ಸ್ನಾನ ಆಗಲಿ, ಊಟ ಆಗಲಿ, ಪಕ್ಕದಲ್ಲಿ ಕೂತಿರಿ. ನಾನು ಇಲ್ಲೇ ಇದ್ದೇನೆ ಎಂದು ಗೊತ್ತಾದರೆ ಸಾಕು. ಮಕ್ಕಳಿಗೆ ಸುಳ್ಳು ಹೇಳಬೇಡಿ. ‘ಅಪ್ಪ ಇವತ್ತು ಬಹಳ ಕಷ್ಟದ ಕೆಲಸ ಮಾಡಿ ಬಂದಿದ್ದಾರೆ, ನಿನ್ನ ಮೇಲೆ ಕೋಪ ಇಲ್ಲ’ ಎಂದು ಹೇಳಿ. ನಾನು ಇದನ್ನು ನನ್ನ ಮಗನಿಗೆ ಹೇಳಲಿಲ್ಲ, ನನಗೇ ಗೊತ್ತಿರಲಿಲ್ಲ. ಅವನು ಎಷ್ಟೋ ದಿನ ತಾನೇ ಏನೋ ತಪ್ಪು ಮಾಡಿದ್ದೇನೆ ಎಂದುಕೊಂಡಿದ್ದ. ತಿಂಗಳಾದರೂ ನಿದ್ದೆ ಇಲ್ಲ, ಕುಡಿತ ಹೆಚ್ಚಾಗಿದೆ, ನಾನಿದ್ದು ಏನು ಪ್ರಯೋಜನ ಎಂಬ ಮಾತು ಬಾಯಲ್ಲಿ ಬಂದಿದೆ ಎಂದಾದರೆ ಕಾಯಬೇಡಿ. ‘ನಾವಿಬ್ಬರೂ ಹೋಗೋಣ’ ಎನ್ನಿ. ನೀವು ಹೋಗಿ ಎನ್ನುವುದಕ್ಕಿಂತ ಅದು ಸುಲಭವಾಗುತ್ತದೆ. ಅವರು ಬರಲೇ ಇಲ್ಲವಾದರೆ ನೀವೊಬ್ಬರೇ ಹೋಗಿ. ನಾನು ಹಾಗೇ ಹೋದವಳು. ಮೊದಲು ನನ್ನ ನಿದ್ದೆ ಸರಿಯಾಯಿತು. ಅದನ್ನು ನೋಡಿ ಅವರೂ ಬಂದರು.

ಮೇಲಿನವರಿಗೂ ಒಂದು ಕೋರಿಕೆ. ಹೊಸಬರನ್ನು ಸೇರಿಸಿಕೊಳ್ಳುವ ದಿನ ಅವರ ಮನೆಯವರನ್ನೂ ಒಮ್ಮೆ ಕರೆಯಿರಿ. ಈ ನೌಕರಿಯಲ್ಲಿ ಏನೇನು ಆಗಬಹುದು, ಆದಾಗ ಯಾರಿಗೆ ಫೋನ್ ಮಾಡಬೇಕು ಎಂದು ಅರ್ಧ ಗಂಟೆ ಹೇಳಿ. ನನಗೆ ಯಾರಾದರೂ ಆ ಅರ್ಧ ಗಂಟೆ ಕೊಟ್ಟಿದ್ದರೆ, ಆ ನಾಲ್ಕು ದಿನ ನಾನು ಜಗಳ ಮಾಡುತ್ತಿರಲಿಲ್ಲ.

ಬರೆದುಕೊಳ್ಳಲು ಕಾಗದ ಇದ್ದರೆ ಎರಡು ಸಹಾಯವಾಣಿಗಳ ನಂಬರು ಹೇಳುತ್ತೇನೆ. ಟೆಲಿ ಮನಸ್, 14416. 2022ರ ಅಕ್ಟೋಬರ್ 10ರಿಂದ ಇದೆ, ನಿಮ್ಹಾನ್ಸ್ ಅದರ ಹಿಂದಿದೆ. ಕೇರಳದಲ್ಲಿರುವವರಿಗೆ ದಿಶಾ ಕೂಡ ಇದೆ, 1056. ಟೆಲಿ ಮನಸ್‌ಗೆ ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು. ನಂಬರು ಮತ್ತೊಮ್ಮೆ, ಒಂದು, ನಾಲ್ಕು, ನಾಲ್ಕು, ಒಂದು, ಆರು. ಡ್ಯೂಟಿಯಿಂದ ಯಾರನ್ನಾದರೂ ಕಾಯುತ್ತಿರುವ ಮನೆ ನಿಮ್ಮ ಬೀದಿಯಲ್ಲಿದ್ದರೆ, ದಯವಿಟ್ಟು ಇದನ್ನು ಆ ಮನೆಗೂ ತಿಳಿಸಿ.